ಗೋಂದಣ್ಣ ಕಿತ್ತ ಹದಿನಾರು ಪುಟ

ಅಪ್ಪ ಅಮ್ಮ ಇಟ್ಟ ಹೆಸರೊಂದು ಅವನಿಗೆ ಇದ್ದೇ ಇತ್ತು. ಆದರೆ ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಆ ಹೆಸರಿಗೆ ಕೆಲಸವಿರಲಿಲ್ಲ. ಊರಿಗೆಲ್ಲ ಅವನು ಗೋಂದಣ್ಣ. ಮೂಗು ಸೋರುವ ಮಕ್ಕಳಿಗೂ ಗೋಂದಣ್ಣ, ತಲೆ ನರೆತವರಿಗೂ ಗೋಂದಣ್ಣ. ಸಿಟ್ಟು ಬಂದರೆ ಹೆಂಡತಿ ಕೂಡ ‘ರೀ’ ಬಿಟ್ಟು ‘ಗೋಂದಣ್ಣನೋರೇ’ ಅನ್ನುತ್ತಿದ್ದಳು. ಕಟ್ಟಿಕೊಂಡ ಗಂಡನನ್ನು ಅಣ್ಣ ಮಾಡಿಬಿಟ್ಟೆನಲ್ಲ ಎಂದು ಆಮೇಲೆ ತಾನೇ ನಗುತ್ತಿದ್ದಳು. ಆ ನಗುವಿನಲ್ಲಿ ಸಿಟ್ಟೂ ಹೋಗುತ್ತಿತ್ತು.

ಅವನ ಕೆಲಸ ಊರ ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವುದು. ಓದುವ ಕೋಣೆ ದಾಟಿ, ಹಳೆಯ ಪತ್ರಿಕೆಗಳ ಕಪಾಟು ದಾಟಿ, ಹಿಂದಕ್ಕೆ ಹೋದರೆ ಒಂದೇ ಕಿಟಕಿಯ ಕೋಣೆ. ಅಲ್ಲೊಂದು ಉದ್ದನೆಯ ಮೇಜು, ಪುಸ್ತಕ ಒತ್ತುವ ಕಬ್ಬಿಣದ ಯಂತ್ರ, ದಬ್ಬಳ, ಮೇಣ ಸವರಿದ ದಾರದ ಉಂಡೆ, ಸ್ಟೌವಿನ ಮೇಲೆ ಹಿಟ್ಟಿನ ಅಂಟು ಕಾಯಿಸುವ ಪಾತ್ರೆ. ಇಪ್ಪತ್ತಾರು ವರ್ಷ ಆ ಅಂಟು ಕಲಸಿ ಕಲಸಿ ಅವನ ಬೆರಳ ತುದಿಗಳು ನುಣ್ಣಗಾಗಿದ್ದವು. ಬಿಸಿ ಲೋಟ ಹಿಡಿದರೂ ಸುಡುವುದು ಗೊತ್ತಾಗುತ್ತಿರಲಿಲ್ಲ.

ಪುಸ್ತಕವನ್ನು ಅವನು ಓದುತ್ತಿದ್ದ ರೀತಿಯೇ ಬೇರೆ. ನೀವು ನಾವು ಪುಸ್ತಕ ತೆರೆದು ಪುಟ ತಿರುವುತ್ತೇವೆ. ಅವನು ಹೊಲಿಗೆ ಬಿಚ್ಚಿ, ಪುಸ್ತಕವನ್ನು ಫಾರಂ ಫಾರಂ ಆಗಿ ಬಿಡಿಸಿ ಓದುತ್ತಿದ್ದ. ಫಾರಂ ಅಂದರೆ ಎಂಟು ಹಾಳೆ, ಹದಿನಾರು ಪುಟದ ಒಂದು ಮಡಿಕೆ. ಅಂಥ ಹತ್ತೋ ಹದಿನೈದೋ ಮಡಿಕೆಗಳನ್ನು ಹೊಲಿದರೆ ಒಂದು ಪುಸ್ತಕ. ಒಂದು ಫಾರಂ ಓದಿ ಪಕ್ಕಕ್ಕಿಡುವುದು, ಇನ್ನೊಂದು ಎತ್ತಿಕೊಳ್ಳುವುದು, ನಡುವೆ ಅಂಟು ತಿರುವುವುದು. ಹೀಗೆ ವರ್ಷಕ್ಕೆ ನೂರು ಪುಸ್ತಕ ಅವನ ಕಣ್ಣಡಿ ಹಾದುಹೋಗುತ್ತಿದ್ದವು. ಓದಿದ್ದು ಎಂಟನೇ ತರಗತಿವರೆಗೆ. ಓದು ನಿಲ್ಲಿಸಿದ್ದು ಮಾತ್ರ ಯಾವತ್ತೂ ಇಲ್ಲ.

ಆರು ವರ್ಷದ ಹಿಂದೆ ಗ್ರಂಥಾಲಯದ ಮೇಡಂ ಒಂದು ಡಿಸೆಂಬರಿನಲ್ಲಿ, “ಗೋಂದಣ್ಣ, ಬಾಗಿಲ ಹತ್ತಿರದ ಬೋರ್ಡು ಬೋಳಾಗಿದೆ. ಈ ವರ್ಷ ನೀನು ಓದಿದ್ರಲ್ಲಿ ಮನಸ್ಸಿಗೆ ಹಿತ ಅನ್ನಿಸಿದ್ದನ್ನ ಒಂದು ಹತ್ತು ಬರೆದು ಹಾಕು ನೋಡೋಣ,” ಅಂದರು. ಅವನು ಮೂರು ದಿನ ಬೆವರಿದ. ಬರೆದ. ಮೇಲೆ ದಪ್ಪ ಅಕ್ಷರದಲ್ಲಿ ‘ಈ ವರ್ಷ ಮನಸ್ಸು ಎತ್ತಿದ ಪುಸ್ತಕಗಳು’ ಎಂದು ಶೀರ್ಷಿಕೆ ಬೇರೆ. ಜನ ಮುಗಿಬಿದ್ದರು. ಹತ್ತೂ ಪುಸ್ತಕ ಒಂದೇ ವಾರದಲ್ಲಿ ಹೊರಗೆ ಹೋದವು. ಅಲ್ಲಿಂದ ಅದು ವರ್ಷ ವರ್ಷದ ಪದ್ಧತಿಯಾಯಿತು. ಕ್ಷೌರದಂಗಡಿಯವನು ಕತ್ತರಿ ನಿಲ್ಲಿಸಿ ಕೇಳುವನು, “ಗೋಂದಣ್ಣ, ಪಟ್ಟಿ ಯಾವಾಗ?” ಔಷಧಿ ಅಂಗಡಿಯಾಕೆ, “ನಿಮ್ಮ ಪಟ್ಟಿ ಓದಿದ್ರೆ ನನ್ನ ಮಾತ್ರೆ ಮಾರಾಟ ಆಗಲ್ಲ ಕಣ್ರೀ,” ಎಂದು ನಗುವಳು. ಹಿಂದಿನ ಕೋಣೆಯಲ್ಲಿ ಕೂತು ಬೇರೆಯವರ ಪುಸ್ತಕಕ್ಕೆ ಬೆನ್ನು ಕಟ್ಟುವವನಿಗೆ ಇದೆಲ್ಲ ಮೊದಲು ನಾಚಿಕೆ ತಂದಿತು. ಆಮೇಲೆ ಖುಷಿ. ಆಮೇಲೆ, ಸುಳ್ಳು ಯಾಕೆ ಹೇಳಬೇಕು, ತಲೆಗೇ ಏರಿತು.

ನಾನು ಹೇಳುತ್ತಿರುವುದು ಹೋದ ವರ್ಷದ ಕಥೆ. ಒಂಬತ್ತು ಪುಸ್ತಕ ಸಿದ್ಧವಾಗಿದ್ದವು. ಅರವತ್ತು ದಾಟಿದ ಮೇಲೆ ಈಜು ಕಲಿಯುವ ರೈಲು ಚಾಲಕನ ಕಾದಂಬರಿ ಒಂದು. ಅದರ ಮುಂದೆ ಗೋಂದಣ್ಣ, ‘ಓದಿದ ಮೇಲೆ ಬಕೆಟ್ಟು ಕಂಡರೂ ಹಾರೋಣ ಅನ್ನಿಸುತ್ತದೆ’ ಎಂದು ಬರೆದಿದ್ದ. ಸೈಕಲ್ಲಿನಲ್ಲಿ ಊರೂರು ಸುತ್ತಿ ಹೆರಿಗೆ ಮಾಡಿಸಿದ ದಾದಿಯ ಆತ್ಮಕಥೆ: ‘ಪಂಕ್ಚರಿನ ಅಧ್ಯಾಯ ಬಸ್ಸಿನಲ್ಲಿ ಓದಬೇಡಿ, ಪಕ್ಕದವರು ಹುಚ್ಚು ಅಂದಾರು.’ ಒಂದು ಹೊಲಿಗೆ ಯಂತ್ರಕ್ಕಾಗಿ ಮೂವತ್ತು ವರ್ಷ ಮಾತು ಬಿಟ್ಟ ಅಕ್ಕತಂಗಿಯರ ಕಾದಂಬರಿ: ‘ಕೊನೆಗೆ ಕರವಸ್ತ್ರ ಬೇಕು.’ ಸಮುದ್ರದ ದೀಪಸ್ತಂಭ ಕಾಯುವವನ ಮಗಳು ಬರೆದ ಬಾಲ್ಯದ ನೆನಪು. ಹೀಗೆ ಒಂಬತ್ತು. ಹತ್ತನೆಯದು ಸಿಗಲೊಲ್ಲದು. ಮೇಡಂ ದಿನಕ್ಕೆರಡು ಸಲ ಬಾಗಿಲಲ್ಲಿ ಇಣುಕಿ, “ಆಯ್ತಾ?” ಅನ್ನುವರು.

ಆಗ ಕೈಗೆ ಬಂತು ರೇಡಿಯೋದವನ ಪುಸ್ತಕ. ಮೂವತ್ತು ವರ್ಷ ರೇಡಿಯೋದಲ್ಲಿ ವಾರ್ತೆ ಓದಿದ ಒಬ್ಬಾತ ಲಕ್ವ ಹೊಡೆದು ಮಾತು ಕಳೆದುಕೊಂಡು, ಎಡಗೈಯಲ್ಲಿ ಬರೆದ ಆತ್ಮಕಥೆ. ಬೆನ್ನು ಕಿತ್ತು, ಹೊಲಿಗೆ ಜೋತಾಡುತ್ತಿತ್ತು. ಹದಿನೇಳು ಫಾರಂ. ಗೋಂದಣ್ಣ ಅನ್ನ ನೀರು ಮರೆತು ಓದಿದ. ಹದಿನಾರನೇ ಫಾರಂ ಮುಗಿಯುವಾಗ ಆತನ ಹೆಂಡತಿ, ಬರೆದು ತೋರಿಸುವ ಸ್ಲೇಟು ಕೈಯಲ್ಲಿರುವವರೆಗೆ ಇವರು ಬಾಯಿ ತೆರೆಯುವುದಿಲ್ಲ ಎಂದು ಸ್ಲೇಟು ಬಳಪ ಎರಡನ್ನೂ ಬಚ್ಚಿಡುತ್ತಾಳೆ. ಇಪ್ಪತ್ತು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಆತ ‘ನೀರು’ ಅನ್ನುತ್ತಾನೆ. ಹೆಂಡತಿಯ ಕೈಯಲ್ಲಿದ್ದ ತಂಬಿಗೆ ನೆಲಕ್ಕೆ ಬೀಳುತ್ತದೆ. ಅಲ್ಲಿಗೆ ವಾಕ್ಯವೂ ಮುಗಿದು, ಪುಟವೂ ಮುಗಿದು, ಫಾರಮ್ಮೂ ಮುಗಿದಿತ್ತು. ಗೋಂದಣ್ಣ ಗಳಗಳ ಅತ್ತ. ಹತ್ತನೆಯದು ಸಿಕ್ಕಿತು ಅಂದುಕೊಂಡ.

ಕಣ್ಣೊರೆಸಿಕೊಂಡು ಹದಿನೇಳನೇ ಫಾರಂ ಎತ್ತಿಕೊಂಡ. ಮೊದಲ ಸಾಲು ಹೀಗಿತ್ತು: ‘ಆ ಮಾತು ಮತ್ತೆ ಬರಲಿಲ್ಲ.’

ಅವನು ಆ ಫಾರಮ್ಮನ್ನು ಮಡಚಿ ಕೆಳಗಿಟ್ಟ. ಮುಂದೆ ಓದಲಿಲ್ಲ. ಅಷ್ಟರಲ್ಲಿ ಮೇಡಂ ಇಣುಕಿ, “ಆಯ್ತಾ ಗೋಂದಣ್ಣ?” ಅಂದರು. “ಆಯ್ತು ಮೇಡಂ,” ಅಂದುಬಿಟ್ಟ. ಬಾಯಿಂದ ಬಿದ್ದ ಮೇಲೆ ಆಯಿತು, ಕೈ ಅದರ ಹಿಂದೆ ಹೋಯಿತು. ಹದಿನಾರು ಫಾರಮ್ಮನ್ನು ಹೊಲಿದು, ಬಟ್ಟೆಯ ಬೆನ್ನು ಕೊಟ್ಟು, ಹದಿನೇಳನೆಯದನ್ನು ಹೊರಗೇ ಬಿಟ್ಟ. ತೀರಿಹೋಗಿರುವ ಅವನ ಗುರುಗಳು ಹೇಳಿಕೊಟ್ಟಿದ್ದ ಮೊದಲ ಪಾಠವೇ ಪುಟ ಎಸೆಯಬಾರದು ಎಂದು. ಎಸೆಯಲಿಲ್ಲ. ರಟ್ಟು ಡೊಂಕಾಗದಿರಲಿ ಎಂದು ಒಳಮೈಗೆ ರದ್ದಿ ಕಾಗದ ಅಂಟಿಸುವುದುಂಟು. ಆ ವಾರ ಕಟ್ಟಿದ ನಾಲ್ಕು ಪುಸ್ತಕದ ಎಂಟು ರಟ್ಟಿಗೆ ಎಂಟು ಹಾಳೆಯನ್ನು ಅಂಟಿಸಿ, ಮೇಲೆ ಬಿಳಿ ಕಾಗದ ಮುಚ್ಚಿದ. ಎಸೆದಿಲ್ಲವಲ್ಲ, ಗ್ರಂಥಾಲಯದಲ್ಲೇ ಇದೆಯಲ್ಲ ಎಂದು ಸಮಾಧಾನ ಹೇಳಿಕೊಂಡ. ಜನ ಓದಿ ಖುಷಿಪಡಲಿ, ಕಣ್ಣೀರೇ ಬೇಕಿದ್ದರೆ ಮನೆಯಲ್ಲಿ ಸಿಗುವುದಿಲ್ಲವೆ? ಬೋರ್ಡಿನ ಮೇಲೆ ಹತ್ತನೇ ಸಾಲು ಬರೆದ: ‘ಹೋದ ಮಾತು ಮರಳಿ ಬರುತ್ತದೆ. ನಂಬಿಕೆಯಿಲ್ಲದವರು ಓದಿ.’

ಬೇಕರಿ ಅಕ್ಕ ಆ ಸಾಲಿನ ಮುಂದೆ ಚೀಲ ಹಿಡಿದು ನಿಂತುಬಿಟ್ಟಳು. ಗ್ರಂಥಾಲಯದ ಎದುರು ಬೀದಿಯಲ್ಲಿ ಅವಳ ಬೇಕರಿ, ಮೇಲೆ ಮನೆ. ಗಂಡ ಒಲೆಯ ಮುಂದೆ ನಿಂತರೆ ಅವನ ಗಂಟಲು ಬೀದಿಯ ಆ ತುದಿಗೆ ಕೇಳುತ್ತಿತ್ತು. “ಬಿಸಿ ಬನ್ನು, ಬಿಟ್ಟೋರು ಕೆಟ್ಟೋರು!” ಎಂದು ಕೂಗಿ, ಬರುವ ಹೋಗುವವರಿಗೆಲ್ಲ ಅಡ್ಡಹೆಸರಿಡುತ್ತಿದ್ದ. ಗೋಂದಣ್ಣ ಎಂಬ ಹೆಸರು ಇಟ್ಟವನೂ ಅವನೇ. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ ಬಿದ್ದಿತು, ಮಾತು ಹೋಯಿತು. ಎಡಗೈಯಲ್ಲಿ ಸ್ಲೇಟಿನ ಮೇಲೆ ಗೀಚುವುದನ್ನು ಕಷ್ಟಪಟ್ಟು ಕಲಿತಿದ್ದ.

“ಗೋಂದಣ್ಣ, ಇದು ನಿಜವಾಗ್ಲೂ ನಡೆದಿದ್ದಾ? ಕಟ್ಟುಕತೆ ಅಲ್ವಲ್ಲ?”

“ಆತ್ಮಕಥೆ ಅಕ್ಕ. ಆ ಮನುಷ್ಯನೇ ಬರೆದದ್ದು.”

“ಕೊನೇಲಿ ಮಾತಾಡ್ತಾರಾ?”

ಹೇಳುವುದಿದ್ದರೆ ಅದೇ ಗಳಿಗೆ. ಗೋಂದಣ್ಣ ಅವಳ ಮುಖ ನೋಡಿದ. “ಮಾತಾಡ್ತಾರೆ ಅಕ್ಕ,” ಅಂದ.

ಎರಡು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಬ್ರೆಡ್ಡಿಗೆ ಹೋದವನು, “ಭಾವ ಹೇಗಿದ್ದಾರೆ ಅಕ್ಕ?” ಎಂದು ಎಂದಿನ ಹಾಗೆ ಕೇಳಿದ. ಅವಳು ಬ್ರೆಡ್ಡು ಕೊಯ್ಯುತ್ತಿದ್ದವಳು ಚಾಕು ಕೆಳಗಿಟ್ಟಳು.

“ನಿಮ್ಮ ಭಾವನಿಗೆ ಹಟ ಅಣ್ಣ, ಹಟ. ಪುಸ್ತಕ ಪೂರ್ತಿ ಓದಿ ಹೇಳ್ದೆ. ಒಂದು ಸಲ ಅಲ್ಲ, ಎರಡು ಸಲ. ಆಯಮ್ಮ ಮಾಡಿದ ಹಾಗೇ ನಾನೂ ಸ್ಲೇಟು ಎತ್ತಿಟ್ಟೆ. ಅವಳಿಗೆ ಇಪ್ಪತ್ತು ದಿನ ಸಾಕಾಯ್ತು. ನನಗೆ ನಿನ್ನೆಗೆ ನಲವತ್ತೊಂದು.”

ಗೋಂದಣ್ಣನ ಕೈಯಲ್ಲಿದ್ದ ಚೀಲ ತೂಕವಾಯಿತು. “ನಲವತ್ತೊಂದು ದಿನದಿಂದ ಸ್ಲೇಟೇ ಕೊಟ್ಟಿಲ್ವಾ?”

“ಕೊಟ್ರೆ ಬಾಯಿ ಯಾಕೆ ತೆರೀತಾರೆ? ಈಗ ನಾಲ್ಕು ದಿನದಿಂದ ಹೊಸ ಆಟ, ಊಟಾನೂ ಬೇಡ. ತಟ್ಟೆ ಮುಂದಿಟ್ರೆ ಮುಖ ತಿರುಗಿಸ್ತಾರೆ. ನಿನ್ನೆ ನನಗೂ ತಲೆ ಕೆಟ್ಟು ಅಂದುಬಿಟ್ಟೆ, ‘ಆ ರೇಡಿಯೋದವನಿಗೆ ಹೆಂಡತಿ ಮೇಲೆ ಪ್ರೀತಿ ಇತ್ತು, ಮಾತು ಬಂತು. ನಿಮಗಿಲ್ಲ’ ಅಂತ.” ಅವಳು ಚಾಕು ಮತ್ತೆ ಎತ್ತಿಕೊಂಡಳು. “ಹಾಗನ್ನಬಾರದಾಗಿತ್ತು, ಅಲ್ವಾ ಅಣ್ಣ? ಆದ್ರೆ ಪುಸ್ತಕದಲ್ಲಿ ಹಾಗೇ ತಾನೆ ಇರೋದು?”

ಗೋಂದಣ್ಣ ಏನೋ ಗೊಣಗಿದ. ಬ್ರೆಡ್ಡು ಮರೆತು ಹೊರಬಿದ್ದ. ಗ್ರಂಥಾಲಯದ ಬಾಗಿಲಲ್ಲಿ ತನ್ನದೇ ದುಂಡಕ್ಷರ ಕಣ್ಣಿಗೆ ಬಿತ್ತು: ಹೋದ ಮಾತು ಮರಳಿ ಬರುತ್ತದೆ. ತಲೆ ತಗ್ಗಿಸಿ ಹಿಂದಿನ ಕೋಣೆ ಸೇರಿದ. ಆ ದಿನ ಅಂಟು ಎರಡು ಸಲ ಸೀದುಹೋಯಿತು. ಮೇಡಂ ಮೂಗು ಮುಚ್ಚಿಕೊಂಡು ಬಂದು ನೋಡಿ, ಕಿಟಕಿ ತೆರೆದು ಹೋದರು. ಅವನು ಕೂತಲ್ಲೇ ನ್ಯಾಯ ಕಟ್ಟಿಕೊಂಡ. ಸ್ಲೇಟು ಎತ್ತಿಡು ಅಂತ ನಾನು ಹೇಳಿದೆನೆ? ಅದು ಹದಿನಾರನೇ ಫಾರಮ್ಮಿನಲ್ಲಿದ್ದದ್ದು, ನಾನು ಬರೆದದ್ದಲ್ಲ. ಆದರೆ ನ್ಯಾಯ ನಿಲ್ಲಲಿಲ್ಲ. ಮಾತು ಕಳೆದುಕೊಂಡ ಒಬ್ಬ ಮನುಷ್ಯ ಒಂದೂವರೆ ತಿಂಗಳಿಂದ ಬಾಯಿ ಕೈ ಎರಡೂ ಕಟ್ಟಿಸಿಕೊಂಡು ಕೂತಿದ್ದಾನೆ. ಅದನ್ನು ಬಿಚ್ಚಬಹುದಾದ ಮಾತು ತನಗೊಬ್ಬನಿಗೇ ಗೊತ್ತು. ಆ ಮಾತಾದರೂ ಏನು? ತಾನು ಓದಿರುವುದು ಒಂದೇ ಒಂದು ಸಾಲು.

ನಾಳೆ ಭಾನುವಾರ, ಗ್ರಂಥಾಲಯಕ್ಕೆ ರಜೆ. ಅವನು ಕಪಾಟಿನಿಂದ ಆ ನಾಲ್ಕು ಪುಸ್ತಕ ಹುಡುಕಿ ಚೀಲಕ್ಕೆ ಹಾಕಿಕೊಂಡು ಮನೆಗೆ ಒಯ್ದ. ಬೆಳಿಗ್ಗೆ ಹಿತ್ತಲ ಬಾಗಿಲಲ್ಲಿ ಅಗಲ ಬೋಗುಣಿಗೆ ಬೆಚ್ಚನೆ ನೀರು ಹಾಕಿ, ಈಜುವ ರೈಲು ಚಾಲಕನ ರಟ್ಟನ್ನು ಕಿತ್ತು ನೀರಿಗಿಟ್ಟ. ಊರವರ ಬಟ್ಟೆ ಗಿಡ್ಡ ಉದ್ದ ಮಾಡಿಕೊಡುವ ಅವನ ಹೆಂಡತಿ ಸೂಜಿ ಬಾಯಲ್ಲಿಟ್ಟುಕೊಂಡೇ ಬಂದು ನೋಡಿದಳು.

“ಏನ್ರೀ ಇದು? ಕಟ್ಟಿದ್ದ ಪುಸ್ತಕಕ್ಕೆ ಸ್ನಾನ ಮಾಡಿಸ್ತಿದೀರಾ?”

ಅವನು ಹೇಳಿದ. ಶುರುವಿನಿಂದ ಹೇಳಿದ. ಅವಳು ಸೂಜಿಯನ್ನು ಬಾಯಿಂದ ತೆಗೆದು ಸೆರಗಿಗೆ ಚುಚ್ಚಿಕೊಂಡಳು.

“ನಾನು ಜನರ ಬಟ್ಟೆ ಗಿಡ್ಡ ಮಾಡ್ತೀನಿ. ಆದ್ರೆ ಕತ್ತರಿಸಲ್ಲ, ಒಳಗೆ ಮಡಚಿ ಹೊಲೀತೀನಿ. ನಾಳೆ ಅವರಿಗೆ ಬೇಕಾದ್ರೆ ಬಿಚ್ಚಿಕೊಳ್ಳಲಿ ಅಂತ. ನೀವು ಬರೆದೋನನ್ನೂ ಕೇಳಲಿಲ್ಲ, ಓದೋರನ್ನೂ ಕೇಳಲಿಲ್ಲ. ಯಾರ್ರೀ ನೀವು?”

ಅವನು ಬೋಗುಣಿಯ ಮೇಲೆ ಬಗ್ಗಿದ. ನೀರು ಬೂದಿ ಬಣ್ಣಕ್ಕೆ ತಿರುಗಿತು. ಹಿಟ್ಟಿನ ಅಂಟು ಮೆಲ್ಲಗೆ ಬಿಟ್ಟಿತು. ಬೆರಳಿನಿಂದ ಒಂದೊಂದೇ ಹಾಳೆ ಎಬ್ಬಿಸಿ, ಬಟ್ಟೆಯ ಮೇಲೆ ಹರಡಿದ. ದಾದಿಯ ಪುಸ್ತಕದಿಂದ ಎರಡು, ಅಕ್ಕತಂಗಿಯರಿಂದ ಎರಡು. ದೀಪಸ್ತಂಭದ ಸರದಿ ಬಂದಾಗ ಹಾಳೆ ಏಳಲೇ ಇಲ್ಲ. ಆ ದಿನ ಹಿಟ್ಟಿನ ಅಂಟು ಮುಗಿದು, ಡಬ್ಬಿಯ ಬಿಳಿ ಅಂಟು ಹಾಕಿದ್ದು ನೆನಪಾಯಿತು. ಅದು ನೀರಿಗೆ ಜಗ್ಗುವಂಥದ್ದಲ್ಲ. ಚಾಕು ಹಾಕಿದ, ಬಿಸಿ ಮಾಡಿದ, ಉಗುರಲ್ಲಿ ಕೆರೆದ. ಕಾಗದ ಅಕ್ಷರ ಸಮೇತ ಮುದ್ದೆ ಮುದ್ದೆಯಾಗಿ ಕೈಗೆ ಬಂತು. ಎರಡು ಹಾಳೆ, ನಡುವಿನ ನಾಲ್ಕು ಪುಟ, ಹೋದವು.

ಮಿಕ್ಕ ಹನ್ನೆರಡು ಪುಟ ದಾರಕ್ಕೆ ಜೋತುಬಿದ್ದು ಒಣಗುವ ತನಕ ಅವನು ಅಲ್ಲೇ ನಿಂತು ಓದಿದ. ಓದುತ್ತ ಓದುತ್ತ ಅವನ ಕಿವಿ ಬಿಸಿಯಾಯಿತು. ಅವನು ಭಯಪಟ್ಟು ಕಿತ್ತದ್ದು ಅಳುವ ಕೊನೆಯನ್ನಲ್ಲ.

ಸಂಜೆ ನಾಲ್ಕಕ್ಕೆ ಹೋದ. ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. “ಅಕ್ಕ, ಮೇಲೆ ಹೋಗೋಣ. ಭಾವನ ಮುಂದೆ ಹೇಳ್ಬೇಕು,” ಅಂದ.

ಮೇಲಿನ ಕೋಣೆಯಲ್ಲಿ ಬೇಕರಿಯ ಯಜಮಾನ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದ. ಕೆನ್ನೆ ಒಳಗೆ ಹೋಗಿತ್ತು. ಮುಂದೆ ಹಾಲಿನಲ್ಲಿ ನೆನೆಸಿದ ಬ್ರೆಡ್ಡು ಮುಟ್ಟದೆ ಹಾಗೇ ಇತ್ತು. ಗೋಂದಣ್ಣನನ್ನು ನೋಡಿದ; ಎಡಗೈ ತೊಡೆಯ ಮೇಲೆ ಬರೆಯುವ ಹಾಗೆ ಒಮ್ಮೆ ಆಡಿ ಸುಮ್ಮನಾಯಿತು.

ಗೋಂದಣ್ಣ ನಿಂತೇ ಹೇಳಿದ. “ಆ ಪುಸ್ತಕಕ್ಕೆ ಇನ್ನೂ ಹದಿನಾರು ಪುಟ ಇತ್ತು ಅಕ್ಕ. ನಾನು ಕಿತ್ತೆ. ಪಟ್ಟಿಗೆ ಚೆನ್ನಾಗಿ ಕಾಣ್ಲಿ ಅಂತ ಕಿತ್ತೆ. ಆತನಿಗೆ ಮಾತು ಬಂದದ್ದು ಆ ಒಂದೇ ಒಂದು ಸಲ.”

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಗಿ, ಗೋಡೆ ಹಿಡಿದು ಮಂಚದ ಮೇಲೆ ಕೂತಳು. “ನಾನು ಕೇಳಿದ್ನಲ್ಲ ಅಣ್ಣ. ಕೊನೇಲಿ ಮಾತಾಡ್ತಾರಾ ಅಂತ ಬಾಯಿಬಿಟ್ಟು ಕೇಳಿದ್ನಲ್ಲ.”

“ಕೇಳಿದ್ರಿ.”

“ಆ ಪುಟ ತಂದಿದೀರಾ?”

ಅವನು ಚೀಲದಿಂದ ತೆಗೆದ. ಸುಕ್ಕಾಗಿ, ಅಂಟಿನ ಕಲೆಯಾಗಿ, ಒಂದೊಂದು ಕಡೆ ಅಕ್ಷರ ಮಬ್ಬಾಗಿದ್ದವು. ಅವಳು ಕೈ ಚಾಚಲಿಲ್ಲ.

“ನೀವೇ ಓದಿ. ಅವರಿಗೆ ಕೇಳೋ ಹಾಗೆ ಓದಿ.”

ಅವನು ಓದಿದ. ‘ಆ ಮಾತು ಮತ್ತೆ ಬರಲಿಲ್ಲ. ಮೂರು ತಿಂಗಳು ನಾವಿಬ್ಬರೂ ಅದರ ದಾರಿ ಕಾದೆವು. ಅವಳು ಸ್ಲೇಟು ಕೊಡಲಿಲ್ಲ, ನಾನು ಕೇಳಲಿಲ್ಲ. ಕೇಳಲು ನನಗಿದ್ದದ್ದೇ ಆ ಸ್ಲೇಟು. ಕಾಯಿಲೆ ಬಿದ್ದ ವರ್ಷಕ್ಕಿಂತ ಆ ಮೂರು ತಿಂಗಳು ನಮ್ಮ ಮನೆಗೆ ಕೆಟ್ಟವು...’

ಯಜಮಾನ ಕಣ್ಣು ಮುಚ್ಚಿ ಕೇಳುತ್ತಿದ್ದ. ಬೇಕರಿ ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಆರು ಪುಟ ಆದ ಮೇಲೆ ಗೋಂದಣ್ಣ ನಿಂತ.

“ಇಲ್ಲಿ ನಾಲ್ಕು ಪುಟ ಇಲ್ಲ ಅಕ್ಕ. ತೆಗೀವಾಗ ಹಾಳಾಯ್ತು.”

“ಅದ್ರಲ್ಲಿ ಏನಿತ್ತು?”

“ಗೊತ್ತಿಲ್ಲ.”

“ಓದಿರ್ತೀರಲ್ಲ. ಓದಿದ್ದನ್ನೇ ತಾನೆ ಪಟ್ಟೀಲಿ ಹಾಕೋದು?”

“ಓದಿರಲಿಲ್ಲ,” ಅಂದ ಗೋಂದಣ್ಣ. “ಒಂದು ಸಾಲು ಓದಿ ಕಿತ್ತುಬಿಟ್ಟೆ. ಉಳಿದದ್ದು ಓದಿದ್ದು ಇವತ್ತು ಬೆಳಿಗ್ಗೆ.”

ಕಿತ್ತೆ ಎಂದು ಹೇಳುವಾಗ ಅಷ್ಟು ಕಷ್ಟವಾಗಿರಲಿಲ್ಲ. ಓದಿರಲಿಲ್ಲ ಎನ್ನುವಾಗ ಮಾತ್ರ ಅವನಿಗೆ ನೆಲ ಬಾಯಿಬಿಡಬಾರದೆ ಅನ್ನಿಸಿತು. ಇಷ್ಟು ವರ್ಷ ಊರು ಅವನನ್ನು ನಂಬಿದ್ದು ಅದೊಂದಕ್ಕೆ ತಾನೆ?

ಉಳಿದ ಪುಟಗಳನ್ನೂ ಓದಿದ. ಅವುಗಳಲ್ಲಿ ಸ್ಲೇಟು ಮರಳಿ ಬಂದಿತ್ತು. ‘ಒಂದು ಸ್ಲೇಟಿನಲ್ಲಿ ಇಪ್ಪತ್ತು ಮಾತು ಹಿಡಿಯುತ್ತದೆ. ಯಾವ ಇಪ್ಪತ್ತು ಎಂದು ಯೋಚಿಸಿ ಬರೆಯುತ್ತೇನೆ. ರೇಡಿಯೋದಲ್ಲಿ ಮೂವತ್ತು ವರ್ಷ ಮಾತಾಡುವಾಗ ಹೀಗೆ ಯೋಚಿಸಿದ್ದಿಲ್ಲ. ಮೊನ್ನೆ ನಾನು ಬರೆದದ್ದನ್ನು ನೋಡಿ ಅವಳು ಎಷ್ಟು ನಕ್ಕಳೆಂದರೆ, ಕಣ್ಣೀರು ಬಿದ್ದು ಅರ್ಧ ಅಳಿಸಿಹೋಯಿತು.’

ಓದು ಮುಗಿಯುವ ಮೊದಲೇ ಅವಳು ಎದ್ದಿದ್ದಳು. ಕಪಾಟಿನ ಮೇಲೆ, ಹಳೆಯ ಪೆಟ್ಟಿಗೆಗಳ ಹಿಂದೆ ಕೈ ಹಾಕಿ ಸ್ಲೇಟು ಎಳೆದು, ಧೂಳನ್ನು ತನ್ನ ಬಟ್ಟೆಯಲ್ಲೇ ಒರೆಸಿ, ಗಂಡನ ತೊಡೆಯ ಮೇಲಿಟ್ಟಳು. ಬಳಪವನ್ನು ಬೆರಳಿಗೆ ಸಿಕ್ಕಿಸಿದಳು. ಯಜಮಾನ ಬಹಳ ಹೊತ್ತು ಬರೆದ. ಅಕ್ಷರ ಆ ಕಡೆ ಈ ಕಡೆ ವಾಲುತ್ತಿದ್ದವು. ತನಗೆ ಬೈಗುಳ ಬರೆಯುತ್ತಿದ್ದಾನೆ ಎಂದೇ ಗೋಂದಣ್ಣ ತಲೆ ತಗ್ಗಿಸಿ ನಿಂತ.

ಅವಳು ಓದಿದಳು. “ಹಲ್ಲು ನೋವು. ಐದು ದಿನ. ತಡೆಯೋಕಾಗ್ತಿಲ್ಲ.”

ಆಮೇಲೆ ಅವಳು ಗಂಡನ ದವಡೆಯನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದಳು. ಎಡಗಡೆ ಊದಿತ್ತು. “ಅಯ್ಯೋ, ನಾನು ಹಟ ಅಂದೆನಲ್ರೀ... ಪ್ರೀತಿ ಇಲ್ಲ ಅಂದೆನಲ್ರೀ...” ಎಂದು ಅವನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡಳು. ಗೋಂದಣ್ಣ ಗೋಡೆ ನೋಡಿದ. ನೋಡಬಾರದ್ದನ್ನು ನೋಡುವ ಹಕ್ಕು ತನಗಿಲ್ಲ ಅನ್ನಿಸಿತು.

ಹಲ್ಲಿನ ವೈದ್ಯರಿಗೆ ಫೋನು ಮಾಡಿದ್ದು ಅವಳು. ಬೀದಿಗೆ ಓಡಿ ಬಾಡಿಗೆ ಕಾರು ನಿಲ್ಲಿಸಿದ್ದು ಗೋಂದಣ್ಣ. ಇಳಿಸುವಾಗ ಯಜಮಾನನ ಬಲಗಡೆಗೆ, ಬಿದ್ದುಹೋದ ಕೈಯ ಕಡೆಗೆ, ಅವನು ಹೆಗಲು ಕೊಟ್ಟ. ಇಡೀ ಭಾರ ಅವನ ಮೇಲೆಯೇ ಬಂತು. ಒಂದು ಕಾಲದಲ್ಲಿ ಹಿಟ್ಟಿನ ಮೂಟೆ ಎತ್ತುತ್ತಿದ್ದ ಮೈ. ಒಂದೊಂದು ಮೆಟ್ಟಿಲಿಗೂ ನಿಂತು ಇಳಿದರು.

ಕಾರಿನಲ್ಲಿ ಕೂರಿಸಿ ಬಾಗಿಲು ಹಾಕಿದ ಮೇಲೆ ಗೋಂದಣ್ಣ ಕಿಟಕಿಗೆ ಬಗ್ಗಿದ. “ಅಕ್ಕ, ನಾನೂ ಬರ್ಲಾ? ಅಲ್ಲಿ ಹಿಡ್ಕೊಳ್ಳೋಕೆ ಯಾರಾದ್ರೂ...”

“ಬೇಡ. ಅಲ್ಲಿ ಆಳುಗಳಿರ್ತಾರೆ.” ಅವಳು ಸ್ಲೇಟನ್ನು ಗಂಡನ ಮಡಿಲಲ್ಲಿ ಸರಿಪಡಿಸುತ್ತಿದ್ದಳು; ತಲೆ ಎತ್ತಲಿಲ್ಲ. “ನೀವು ಹೋಗಿ.”

ಕಾರು ಬೀದಿ ತಿರುಗಿತು. ಗೋಂದಣ್ಣ ಅಲ್ಲೇ ನಿಂತಿದ್ದ. ಇಪ್ಪತ್ತಾರು ವರ್ಷದಲ್ಲಿ ಎಷ್ಟು ಸಾವಿರ ಸಲ ಆ ಅಂಗಡಿಯಿಂದ ಬ್ರೆಡ್ಡು ಹಿಡಿದು ಹೊರಟಿದ್ದಾನೋ, ಒಂದು ಸಲವೂ ಅವಳು ‘ಹೋಗಿ ಬನ್ನಿ ಅಣ್ಣ’ ಎನ್ನದೆ ಕಳಿಸಿದ್ದಿಲ್ಲ. ಇವತ್ತು ‘ಹೋಗಿ’ ಮಾತ್ರ ಅಂದಿದ್ದಳು. ಅದನ್ನು ಅವನು ಎರಡು ಸಲ ತನ್ನೊಳಗೇ ಅಂದು ನೋಡಿಕೊಂಡ. ಆಮೇಲೆ ಹೋದ.